ಎಲ್ಲಿ ಕೂರಿಸಬೇಕು ಎಂಬ ಪರೀಕ್ಷೆ

ಮಕ್ಕಳಿಗೆ ಒಡ್ಡುವ ಪರೀಕ್ಷೆಗಳಲ್ಲಿ ಎರಡು ಬಗೆ. ಒಂದು ಬಾಗಿಲಲ್ಲಿ ನಿಂತಿರುತ್ತದೆ. ಮಗುವನ್ನು ಒಳಗೆ ಬಿಡಬೇಕೇ ಬೇಡವೇ ಎಂಬುದಷ್ಟೇ ಅದರ ಪ್ರಶ್ನೆ. ಆರನೆಯ ತರಗತಿಯ ನವೋದಯ ಪರೀಕ್ಷೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ, ಪಿಯುಸಿ ಮುಗಿಸಿದವರು ಬರೆಯುವ ಸಿಇಟಿ ಎಲ್ಲವೂ ಈ ಬಗೆಯವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ತಂದೆತಾಯಿಗಳಿಗೆ ಪರೀಕ್ಷೆ ಎಂದರೆ ಇದೇ. ಇನ್ನೊಂದು ಬಗೆಯದು ಒಳಗೆ ಬಂದಾಗಿರುವ ಮಗುವಿಗೆ ಎಷ್ಟು ಬರುತ್ತದೆ ಎಂದು ನೋಡಿ, ಯಾವ ಸಾಲಿನಲ್ಲಿ ಕೂರಿಸಿದರೆ ಸರಿ ಎಂದು ತೀರ್ಮಾನಿಸುತ್ತದೆ. ಅಮೆರಿಕದ ಕೆಲವು ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಸೈನ್ಸಿಗೆ ಇರುವ ಪ್ಲೇಸ್‌ಮೆಂಟ್ ಪರೀಕ್ಷೆ ಈ ಎರಡನೆಯದು. ನಮ್ಮ ಕಾಲೇಜುಗಳಲ್ಲಿ ಆ ಹೆಸರು ಕೆಲಸ ಕೊಡಲು ಬರುವ ಕಂಪನಿಗಳಿಗೆ ಅಂಟಿಕೊಂಡಿದೆ, ಅದು ಬೇರೆ ಮಾತು. ಅಮೆರಿಕದಲ್ಲಿ ಮೊದಲ ಕೋರ್ಸಿನ ವಿಷಯ ಆಗಲೇ ಬಲ್ಲ ಹುಡುಗಿಯನ್ನು ನೇರವಾಗಿ ಎರಡನೆಯದಕ್ಕೆ ಕಳಿಸುತ್ತಾರೆ, ಬಾರದವನನ್ನು ಮೊದಲನೆಯದರಲ್ಲಿ ಕೂರಿಸುತ್ತಾರೆ, ಯಾರನ್ನೂ ಹೊರಗೆ ಕಳಿಸುವುದಿಲ್ಲ. ಇದನ್ನು ಹೊಸ ಕಾಲದ, ದೂರದೇಶದ ಏರ್ಪಾಡು ಎಂದುಕೊಳ್ಳುವುದು ಸಹಜ. ಆದರೆ ಶಿಕಾರಿಪುರ ಮತ್ತು ಸೊರಬದ ಸುತ್ತಲಿನ ವಿದ್ಯೆಯ ಚರಿತ್ರೆಯನ್ನು ನೋಡಿದರೆ ನಮ್ಮಲ್ಲಿ ಹಳೆಯದು ಕೂರಿಸುವ ಪರೀಕ್ಷೆಯೇ. ಬಾಗಿಲು ಕಾಯುವ ಪರೀಕ್ಷೆಗೆ ಒಂದೂವರೆ ಶತಮಾನಕ್ಕಿಂತ ಹೆಚ್ಚು ವಯಸ್ಸಿಲ್ಲ ಎಂಬುದು ನನ್ನ ವಾದ.

ಚರಿತ್ರೆ ಶುರುವಾಗುವುದು ತಾಳಗುಂದದಿಂದ. ಶಿಕಾರಿಪುರ ತಾಲ್ಲೂಕಿನ ಆ ಊರಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವಿದೆ. ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಬರಹ ಅದು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಮಯೂರಶರ್ಮನೆಂಬ ತರುಣ ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ ಹೋಗಿ, ಉಚ್ಚ ವಿದ್ಯೆಗಾಗಿ ಅಲ್ಲಿನ ಘಟಿಕೆಯನ್ನು ಸೇರಿದ ಎಂದು ಅದು ಹೇಳುತ್ತದೆ. ಈ ಸೀಮೆಯಿಂದ ಓದಲೆಂದು ಪರವೂರಿಗೆ ಹೋದ ಮೊದಲ ದಾಖಲಿತ ವಿದ್ಯಾರ್ಥಿ ಇವನೇ ಇರಬೇಕು. ಆಮೇಲೆ ಪಲ್ಲವರ ಕುದುರೆ ಸವಾರನೊಬ್ಬನ ಜತೆ ಜಗಳವಾಗಿ ಓದು ನಿಂತುಹೋಯಿತು. ಓದು ಬಿಟ್ಟವನು ಬನವಾಸಿಯಲ್ಲಿ ರಾಜ್ಯ ಕಟ್ಟಿದ. ಅರ್ಧಕ್ಕೆ ಓದು ಬಿಟ್ಟವರ ಪಟ್ಟಿಯಲ್ಲಿ ಇವನಷ್ಟು ಮೇಲೆ ಹೋದವರು ಕಡಿಮೆ. ಈ ವಾದಕ್ಕೆ ಮುಖ್ಯವಾದ ಸಂಗತಿ ಎಂದರೆ, ಕಂಚಿಯ ಬಾಗಿಲಲ್ಲಿ ಅವನನ್ನು ಯಾರಾದರೂ ಪರೀಕ್ಷಿಸಿದರೆಂದು ಶಾಸನ ಹೇಳುವುದಿಲ್ಲ. ಅದು ಹೇಳುವುದು ಅವನ ಕುಲವನ್ನು, ಆ ಕುಲದ ಆಚಾರವನ್ನು, ಅವನ ಜತೆಗಿದ್ದ ಗುರುವನ್ನು. ಬಾಗಿಲು ತೆರೆಯಲು ಹುಟ್ಟು ಮತ್ತು ಗುರುವಿನ ಮಾತು ಸಾಕಾಗಿತ್ತು ಎಂದು ಊಹಿಸಬಹುದು.

ಒಳಗೆ ಹೋದ ಮೇಲೆ ಏನಾಗುತ್ತಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಅದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿದೆ. ತಾವರೆಕೆರೆಯ ಕೋಡಿಯ ಪಕ್ಕ, ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಕೋಡಿಮಠವನ್ನು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಬಣ್ಣಿಸುತ್ತದೆ. ಆಗ ಮಠದ ಆಚಾರ್ಯ ವಾಮಶಕ್ತಿ. ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಓದುತ್ತಿದ್ದರು. ಕುರುಡರು, ಕುಂಟರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶದಿಂದ ಬಂದ ಭಿಕ್ಷುಕರು ಎಲ್ಲರಿಗೂ ಅಲ್ಲಿ ಅನ್ನ, ರೋಗಿಗಳಿಗೆ ಔಷಧ. ಈ ಶಾಸನದ ಬಗ್ಗೆ ಬರೆದವರು ಸಾಮಾನ್ಯವಾಗಿ ಪಟ್ಟಿಯ ಉದ್ದಕ್ಕೆ ಬೆರಗಾಗಿ ಅಲ್ಲಿಗೇ ನಿಲ್ಲುತ್ತಾರೆ. ನನ್ನ ಗಮನ ಹೋಗುವುದು ಅದರ ವ್ಯಾಕರಣದ ಸಾಲಿಗೆ. ಕೌಮಾರ, ಪಾಣಿನೀಯ, ಶಾಕಟಾಯನ ಎಂದು ಅಲ್ಲಿ ಹೇಳಿದೆ. ಒಂದೇ ಭಾಷೆಗೆ ಮೂರು ವ್ಯಾಕರಣ ಯಾಕೆ ಬೇಕಿತ್ತು? ಪಾಣಿನಿಯ ಸೂತ್ರಗಳು ಸುಮಾರು 4000. ಅವನ್ನು ಬಳಸಲು ಮೊದಲು ಅವುಗಳ ಸಂಕೇತಗಳನ್ನು ಕಲಿಯಬೇಕು, ಯಾವ ಸೂತ್ರ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬ ನಿಯಮಗಳನ್ನು ಕಲಿಯಬೇಕು. ಕಾತಂತ್ರವೆಂಬ ಇನ್ನೊಂದು ಹೆಸರಿರುವ ಕೌಮಾರ ಅದರ ಮೂರನೆಯ ಒಂದು ಭಾಗದಷ್ಟೇ ಇದೆ, ಸಂಕೇತದ ಭಾರ ಕಡಿಮೆ. ಅದು ಹುಟ್ಟಿದ ಬಗ್ಗೆ ಕಥಾಸರಿತ್ಸಾಗರದಲ್ಲಿ ಒಂದು ಕಥೆಯಿದೆ: ನೀರಾಟದಲ್ಲಿ ರಾಣಿ ಆಡಿದ ಸಂಸ್ಕೃತ ಮಾತು ತಿಳಿಯದೆ ನಗೆಪಾಟಲಾದ ಸಾತವಾಹನ ರಾಜನಿಗೆ ಆರೇ ತಿಂಗಳಲ್ಲಿ ವ್ಯಾಕರಣ ಕಲಿಸುತ್ತೇನೆಂದು ಶರ್ವವರ್ಮ ಪಣ ತೊಟ್ಟ, ಅದಕ್ಕಾಗಿ ಬಂದದ್ದು ಈ ಪುಸ್ತಕ. ಕಥೆ ನಿಜವೋ ಸುಳ್ಳೋ, ತಡವಾಗಿ ಬಂದವನಿಗೆ, ಅವಸರದಲ್ಲಿರುವವನಿಗೆ ಬೇರೆ ಮೆಟ್ಟಿಲು ಬೇಕೆಂಬ ತಿಳಿವಳಿಕೆ ಆ ಕಾಲಕ್ಕೆ ಇತ್ತೆಂದು ಅದರಿಂದ ಗೊತ್ತಾಗುತ್ತದೆ. ಒಂದೇ ಮಠದಲ್ಲಿ ಚಿಕ್ಕ ವ್ಯಾಕರಣವೂ ದೊಡ್ಡ ವ್ಯಾಕರಣವೂ ಇದ್ದರೆ ಬಂದವನಿಗೆ ಯಾವುದನ್ನು ಕೊಡಬೇಕೆಂದು ಯಾರೋ ನಿರ್ಧರಿಸಲೇಬೇಕು. ಆ ನಿರ್ಧಾರವೇ ಪ್ಲೇಸ್‌ಮೆಂಟ್.

ಇದಕ್ಕೆ ಶಾಸನ ಬಲ್ಲವರು ಎರಡು ಆಕ್ಷೇಪ ಎತ್ತಬಹುದು. ಪ್ರಶಸ್ತಿ ಬರೆಯುವವನು ಹೊಗಳಲೆಂದೇ ಕೂತವನು, ಅವನ ಪಟ್ಟಿಯನ್ನು ಪಠ್ಯಕ್ರಮ ಎಂದು ಓದಬಾರದು ಎಂಬುದು ಮೊದಲನೆಯದು. ಸರಿಯಾದ ಮಾತೇ. ಆದರೆ ಬರೀ ಹೊಗಳಿಕೆಗಾದರೆ ಸಕಲ ಶಾಸ್ತ್ರ ಪಾರಂಗತರು ಎಂದರೆ ಮುಗಿಯಿತು. ವ್ಯಾಕರಣಗಳನ್ನು ಹೆಸರು ಹಿಡಿದು ಬಿಡಿಬಿಡಿಯಾಗಿ ಎಣಿಸುವುದು ಬಲ್ಲವರು ಮಾಡುವ ಕೆಲಸ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಜೈನನಾದ ಶಾಕಟಾಯನನ ವ್ಯಾಕರಣವನ್ನೂ ಬೌದ್ಧ ದರ್ಶನವನ್ನೂ ಶೈವ ಮಠದಲ್ಲಿ ಓದಿದ್ದು ವಾದದಲ್ಲಿ ಎದುರಾಳಿಯನ್ನು ಸೋಲಿಸಲು, ಮಕ್ಕಳಿಗೆ ಸುಲಭವಾಗಲಿ ಎಂದಲ್ಲ. ಬಳ್ಳಿಗಾವಿಯಲ್ಲಿ ಶೈವ, ವೈಷ್ಣವ, ಜೈನ, ಬೌದ್ಧರೆಲ್ಲರ ನೆಲೆಗಳಿದ್ದವು. ಅಲ್ಲಿನ ಪಂಚಲಿಂಗ ದೇವಾಲಯಕ್ಕೆ ಸೇರಿದ 1036ರ ಸುಮಾರಿನ ಶಾಸನ ಲಾಕುಳೀಶ್ವರ ಪಂಡಿತನನ್ನು ವಾದದಲ್ಲಿ ಅನ್ಯಮತದವರನ್ನೆಲ್ಲ ಮುರಿದವನೆಂದೇ ಹೊಗಳುತ್ತದೆ. ಹಾಗಾಗಿ ಈ ಆಕ್ಷೇಪವನ್ನು ತಳ್ಳಿಹಾಕಲಾರೆ. ಅದು ನನ್ನ ಮಾತಿಗೆ ವಿರುದ್ಧವೂ ಅಲ್ಲ. ವಾದವೇ ಆ ಕಾಲದ ಅಂತಿಮ ಪರೀಕ್ಷೆ ಎಂದಾದರೆ, ಅದು ನಡೆಯುತ್ತಿದ್ದದ್ದು ಓದಿನ ಕೊನೆಯಲ್ಲಿ, ಸಭೆಯಲ್ಲಿ, ಬಾಯಿಮಾತಿನಲ್ಲಿ. ಬಾಗಿಲಲ್ಲಿ ನಡೆಯುತ್ತಿರಲಿಲ್ಲ.

ಬಾಗಿಲಿಗೆ ಬೇರೆ ಕಾವಲಿತ್ತು, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. ತಾಳಗುಂದದಂಥ ಅಗ್ರಹಾರ ಬ್ರಾಹ್ಮಣರಿಗೆ ಬಿಟ್ಟ ಊರು. ಅಲ್ಲಿನ ವೇದದ ಖಂಡಿಕದಲ್ಲಿ, ಅಂದರೆ ಪಾಠಶಾಲೆಯಲ್ಲಿ, ಕುಂಬಾರನ ಮಗನಿಗಾಗಲಿ ಯಾವ ಜಾತಿಯ ಹೆಣ್ಣುಮಗಳಿಗಾಗಲಿ ಜಾಗವಿರಲಿಲ್ಲ. ಪರೀಕ್ಷೆ ಇಲ್ಲದ ಬಾಗಿಲು ಹುಟ್ಟಿನ ಬೀಗ ಹಾಕಿದ ಬಾಗಿಲಾಗಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ತಮ್ಮ ಮಾತನ್ನು ಕಟ್ಟಿದ್ದು ಈ ಅಗ್ರಹಾರಗಳ ಹೊರಗೆ, ಸಂಸ್ಕೃತದ ಹೊರಗೆ ಎಂಬುದನ್ನು ಮರೆಯಬಾರದು. ಆದರೂ ಚಿತ್ರ ಪೂರ್ತಿ ಕಪ್ಪಲ್ಲ. ತಾಳಗುಂದದ 1158ರ ಶಾಸನದಲ್ಲಿ ವೇದ, ವೇದಾಂತ, ಪ್ರಾಭಾಕರ ಮೀಮಾಂಸೆ, ಶಬ್ದಶಾಸ್ತ್ರ ಹೇಳುವವರ ಜತೆಗೆ ಕನ್ನಡ ಕಲಿಸುವವನಿಗೂ ಪಾಲಿದೆ. ಸೊರಬದ ಕುಬಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಕಟ್ಟಿಸಿದ ಬಸದಿಗೆ ಆ ಅಗ್ರಹಾರದ ಬ್ರಾಹ್ಮಣರ ಒಪ್ಪಿಗೆಯಿಂದ ಬ್ರಹ್ಮಜಿನಾಲಯವೆಂಬ ಹೆಸರಾಯಿತು. ಅದಕ್ಕಿಂತ ಒಂದೂವರೆ ಶತಮಾನ ಹಿಂದೆ, ಹತ್ತನೆಯ ಶತಮಾನದ ಮೊದಲಲ್ಲಿ, ಬಂದಳಿಕೆಯ ಶಾಸನದ ಜಕ್ಕಿಯಬ್ಬೆ ಗಂಡ ತೀರಿಹೋದ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆ, ಅಂದರೆ ನಾಡಿನ ಆಡಳಿತ, ನಡೆಸಿದಳು. ಎಪ್ಪತ್ತು ಹಳ್ಳಿಗಳ ಆದಾಯದ ಲೆಕ್ಕ ತಿಳಿಯದೆ ಅದು ಸಾಧ್ಯವಿರಲಿಲ್ಲ. ಲೆಕ್ಕದ ವಿದ್ಯೆ ಅಗ್ರಹಾರದ ಬೇಲಿಯ ಆಚೆಗೂ ಇತ್ತು.

ಪಾಣಿನಿಯ ಮಾತು ಬಂದಿದ್ದರಿಂದ ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಪಾಣಿನಿಯೇ ಮೊದಲ ಪ್ರೋಗ್ರಾಮರ್, ಸಂಸ್ಕೃತವೇ ಕಂಪ್ಯೂಟರಿಗೆ ಹೇಳಿ ಮಾಡಿಸಿದ ಭಾಷೆ ಎಂಬ ಹೆಮ್ಮೆಯ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಹಿಂದೆ ಒಂದು ಸಣ್ಣ ಸತ್ಯವಿದೆ. ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳನ್ನು ಬರೆಯಲು ಜಾನ್ ಬ್ಯಾಕಸ್ ಮತ್ತು ಪೀಟರ್ ನೌರ್ ಬಳಸಿದ ಕ್ರಮ ಪಾಣಿನಿಯದಕ್ಕೆ ಹತ್ತಿರವಿದೆ, ಆದ್ದರಿಂದ ಅದಕ್ಕೆ ಪಾಣಿನಿಯ ಹೆಸರೂ ಸೇರಲಿ ಎಂದು ಪೀಟರ್ ಇಂಗರ್ಮನ್ 1967ರಲ್ಲಿ ಸೂಚಿಸಿದ್ದ. ಅಷ್ಟೇ. ಇದರಿಂದ ಶಿಕಾರಿಪುರದ ಎಂಟನೆಯ ತರಗತಿಯ ಹುಡುಗನಿಗೆ ಒಂದು ಅಂಕವೂ ಬರುವುದಿಲ್ಲ. ಅವನಿಗೆ ಉಪಯೋಗವಾಗುವುದು ಕೋಡಿಮಠದ ವಿದ್ಯಾರ್ಥಿ ದಿನವೂ ಮಾಡುತ್ತಿದ್ದ ಅಭ್ಯಾಸ: ಒಂದು ಧಾತು ಹಿಡಿದು, ಸೂತ್ರದ ಮೇಲೆ ಸೂತ್ರ ಹಚ್ಚಿ, ಪ್ರತಿ ಹೆಜ್ಜೆಗೆ ರೂಪ ಏನಾಯಿತೆಂದು ಬರೆದು, ಎರಡು ಸೂತ್ರ ಒಟ್ಟಿಗೆ ಬಂದಾಗ ಯಾವುದು ಗೆಲ್ಲಬೇಕೆಂದು ನಿಯಮ ನೋಡಿ, ಕೊನೆಗೆ ಪದ ಮುಟ್ಟುವುದು. ಇಂದಿನ ಪ್ಲೇಸ್‌ಮೆಂಟ್ ಪರೀಕ್ಷೆಯ ತಿರುಳೂ ಇದೇ. ಹತ್ತು ಸಾಲಿನ ಪ್ರೋಗ್ರಾಮ್ ಕೊಟ್ಟು, ಲೂಪು ಮೂರು ಸುತ್ತು ತಿರುಗಿದ ಮೇಲೆ ಎಕ್ಸ್‌ನ ಬೆಲೆ ಎಷ್ಟು ಎಂದು ಕೇಳುತ್ತಾರೆ. ಗುಣಾಕಾರ ಮೊದಲೋ ಸಂಕಲನ ಮೊದಲೋ, ಷರತ್ತು ಸುಳ್ಳಾದರೆ ಯಾವ ಸಾಲಿಗೆ ಹೋಗಬೇಕು ಎಂದು ಕಾಗದದ ಮೇಲೆ ಒಂದೊಂದಾಗಿ ಬರೆಯುತ್ತಾ ಹೋಗಬೇಕು. ಅಮೆರಿಕದಲ್ಲಿ ಇದೇ ಬಗೆಯ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕಂಪ್ಯೂಟರ್ ಸೈನ್ಸ್ ಪರೀಕ್ಷೆ 1984ರಲ್ಲಿ ಪಾಸ್ಕಲ್ ಭಾಷೆಯಲ್ಲಿ ಶುರುವಾಗಿ, 1999ರಲ್ಲಿ ಸಿ ಪ್ಲಸ್ ಪ್ಲಸ್‌ಗೆ, 2004ರಲ್ಲಿ ಜಾವಾಗೆ ಬದಲಾಯಿತು. ಭಾಷೆ ಎರಡು ಸಲ ಬದಲಾದರೂ ಹೆಜ್ಜೆ ಹೆಜ್ಜೆಗೂ ಬೆಲೆ ಬರೆಯುವ ಪ್ರಶ್ನೆ ಉಳಿದೇ ಉಳಿಯಿತು. ತಯಾರಿ ನಡೆಸುವವರು ಭಾಷೆಯ ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪೆನ್ಸಿಲ್ ಹಿಡಿದು ಬೆಲೆ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕಾದದ್ದು ಇದಕ್ಕೇ.

ಅಗ್ರಹಾರ, ಮಠಗಳು ಕುಗ್ಗಿದ ಮೇಲೆ ಹಳ್ಳಿಯ ಓದು ಬರಹವನ್ನು ಹೊತ್ತದ್ದು ಕೂಲಿಮಠ. ಯಾರದೋ ಮನೆಯ ಜಗುಲಿ, ಗುಡಿಯ ಪ್ರಾಕಾರ, ಮರಳು ಹರವಿದ ನೆಲ. ಅಯ್ಯನವರಿಗೆ ಸಂಬಳ ದವಸದ ರೂಪದಲ್ಲಿ. ಮೊದಲು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದು. ಈ ಶಾಲೆಗಳು ಒಳಗೆ ಹೇಗೆ ನಡೆಯುತ್ತಿದ್ದವು ಎಂಬುದಕ್ಕೆ ಕನ್ನಡ ನಾಡಿನ ಅತ್ಯುತ್ತಮ ವರದಿ ಬಳ್ಳಾರಿಯದು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಶಿಕಾರಿಪುರ, ಸೊರಬ ಆ ಸಮೀಕ್ಷೆಯಲ್ಲಿ ಬರಲಿಲ್ಲ, ನಿಜ. ಆದರೆ ಕೂಲಿಮಠದ ಪದ್ಧತಿ ರಾಜ್ಯದ ಗಡಿ ನೋಡಿ ಬದಲಾಗುವಂಥದ್ದಾಗಿರಲಿಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಕೇಳಿದ ಮಾಹಿತಿಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದ ಆ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡಿ, ಕೆಳಗಿನವರನ್ನು ಮೇಲಿನ ಹುಡುಗರ ವಶಕ್ಕೆ ಕೊಡುತ್ತಿದ್ದರು. ಒಂದು ಗುಂಪಿನಿಂದ ಇನ್ನೊಂದಕ್ಕೆ ಏರುವುದು ವಯಸ್ಸಿನ ಮೇಲಲ್ಲ, ವರ್ಷ ಮುಗಿದದ್ದರಿಂದಲೂ ಅಲ್ಲ. ಆ ಹುಡುಗನ ಶಕ್ತಿ ಮತ್ತು ಪ್ರಗತಿಯನ್ನು ನೋಡಿ. ಹನ್ನೊಂದು ವರ್ಷದವನು ಕಾಗುಣಿತದಲ್ಲಿ ಎಡವಿದರೆ ಏಳು ವರ್ಷದವನ ಪಕ್ಕ ಕೂರುತ್ತಿದ್ದ, ಕಲಿತ ದಿನ ಎದ್ದು ಮುಂದಿನ ಸಾಲಿಗೆ ಹೋಗುತ್ತಿದ್ದ. ದಿನವೂ ನಡೆಯುವ ಪ್ಲೇಸ್‌ಮೆಂಟ್ ಪರೀಕ್ಷೆ ಎಂದರೆ ಅದೇ. ಕ್ಯಾಂಪ್‌ಬೆಲ್ ಬರೀ ಹೊಗಳಲಿಲ್ಲ. ಅರ್ಥವೇ ಆಗದ ಹಳೆಯ ಪದ್ಯಗಳನ್ನು ಮಕ್ಕಳು ಗಿಳಿಪಾಠ ಮಾಡುತ್ತಾರೆಂದು ದೂರಿದ, ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಬರೆದ. ಎರಡೂ ದೂರು ನ್ಯಾಯವಾದದ್ದೇ. ಸಾಲು ಸರಿಯಾಗಿದ್ದರೂ ಸಾಲಿನಲ್ಲಿ ಕಲಿಸಿದ್ದು ಯಾವಾಗಲೂ ಸರಿಯಿರಲಿಲ್ಲ.

ಆದರೆ ಲೆಕ್ಕದ ವಿಷಯಕ್ಕೆ ಬಂದರೆ ಬಾಯಿಪಾಠವನ್ನು ಅಷ್ಟು ಸುಲಭವಾಗಿ ಬೈಯಲಾಗುವುದಿಲ್ಲ. ಕೂಲಿಮಠದ ಹುಡುಗ ಹತ್ತರ ಮಗ್ಗಿಯ ಜತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಹೇಳುತ್ತಿದ್ದ. ಅರೆಯ ಅರೆ ಕಾಲು, ಕಾಲಿನ ಕಾಲು ವೀಸ. ವೀಸ ಎಂದರೆ ಹದಿನಾರನೆಯ ಒಂದು ಪಾಲು. ರೂಪಾಯಿಗೆ ಹದಿನಾರು ಆಣೆ. ಎರಡರಿಂದ ಭಾಗಿಸುತ್ತಾ ಹೋಗುವ, ಹದಿನಾರರಲ್ಲಿ ಎಣಿಸುವ ಈ ಅಭ್ಯಾಸ 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ನಮ್ಮ ಬಾಯಿಂದ ಜಾರಲು ಶುರುವಾಯಿತು. ಇಂದು ಕಂಪ್ಯೂಟರ್ ಸೈನ್ಸ್ ಕಲಿಯುವ ಹುಡುಗಿ ಮೊದಲ ವಾರವೇ ಎದುರಿಸುವುದು ಎರಡರ ಮತ್ತು ಹದಿನಾರರ ಎಣಿಕೆಯನ್ನು; ಬಹಳ ಜನ ಅಲ್ಲೇ ಬೆದರುತ್ತಾರೆ. ಶಾನುಭೋಗನ ಮಗನಿಗೆ ಬೈನರಿ ತಾನಾಗಿ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಪಾಣಿನಿ ಹೆಮ್ಮೆಯ ಹಳ್ಳಕ್ಕೇ ಬಿದ್ದಂತೆ. ಹತ್ತೇ ಎಣಿಕೆಯ ಏಕೈಕ ದಾರಿಯಲ್ಲ ಎಂಬುದು ಅವನಿಗೆ ಹೊಸ ಸುದ್ದಿಯಾಗಿರುತ್ತಿರಲಿಲ್ಲ, ಇಷ್ಟೇ.

ಬಾಗಿಲ ಪರೀಕ್ಷೆ ಬಂದದ್ದು ಇದಾದ ಮೇಲೆ. ಅದನ್ನು ಮೈಸೂರು ಸೀಮೆಗೆ ತಂದ ವ್ಯವಸ್ಥೆಯಲ್ಲಿ ದೊಡ್ಡ ಪಾತ್ರ ವಹಿಸಿದ ಬಿ. ಎಲ್. ರೈಸ್ ಅವರೇ ತಾಳಗುಂದ ಮತ್ತು ಬಳ್ಳಿಗಾವಿಯ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು ಎಂಬುದು ಚರಿತ್ರೆಯ ಒಂದು ಸೊಗಸಾದ ಗಂಟು. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ರೈಸ್ ಶಿಕ್ಷಣ ಇಲಾಖೆಯಲ್ಲಿ ದುಡಿದು, ಪ್ರತಿ ಹೋಬಳಿಗೂ ಒಂದು ಶಾಲೆ ಎಂಬ 1868ರ ಯೋಜನೆಯನ್ನು ರೂಪಿಸಿದರು. ಅವರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ, ಎಂಟನೆಯದು 1904ರಲ್ಲಿ ಸೊರಬದವನ್ನೂ ಹೊರತಂದವು. ಹೋಬಳಿ ಶಾಲೆ ಹಳ್ಳಿಗೆ ಸರ್ಕಾರದ ಮೇಷ್ಟ್ರನ್ನು, ಅಚ್ಚಾದ ಪುಸ್ತಕವನ್ನು, ಇನ್‌ಸ್ಪೆಕ್ಟರರ ಭೇಟಿಯನ್ನು ತಂದಿತು. ಅದರೊಂದಿಗೆ ತರಗತಿ ಬಂತು: ಒಂದು ವರ್ಷ, ಒಂದು ಪುಸ್ತಕ, ಎಲ್ಲರೂ ಒಟ್ಟಿಗೆ, ವರ್ಷದ ಕೊನೆಗೆ ಪಾಸು ಇಲ್ಲವೇ ಫೇಲು. ಮೇಲೆ ಹೋದಷ್ಟೂ ಬಾಗಿಲು ಕಿರಿದಾಯಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟುವವರೆಗೆ ಕಾಲೇಜು ಸೇರಬೇಕಾದ ಮಲೆನಾಡಿನ ಹುಡುಗ ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪಾಸಾಗಬೇಕಿತ್ತು. ಕೂಲಿಮಠದಲ್ಲಿ ತಪ್ಪಿದರೆ ಹಿಂದಿನ ಸಾಲು. ಇಲ್ಲಿ ತಪ್ಪಿದರೆ ಗದ್ದೆ.

ಇಲ್ಲಿಗೆ ನನ್ನ ವಾದದ ವಿರುದ್ಧ ಹೇಳಬಹುದಾದ ಅತ್ಯಂತ ತೂಕದ ಮಾತು ಬರುತ್ತದೆ. ಹೆಸರು ಕಾಣದ ಉತ್ತರ ಪತ್ರಿಕೆ ಅಲ್ಲವೇ ಹುಟ್ಟಿನ ಬೀಗ ಒಡೆದದ್ದು? ಅಗ್ರಹಾರದ ಅಂಗಳಕ್ಕೂ ಬರಲಾಗದಿದ್ದವರ ಮೊಮ್ಮಗಳು ಅಂಕದ ಬಲದಿಂದ ಇಂಜಿನಿಯರಿಂಗ್ ಸೀಟು ಪಡೆದದ್ದು ಈ ಬಾಗಿಲ ಪರೀಕ್ಷೆಯಿಂದಲೇ ಅಲ್ಲವೇ? ಹೌದು. ಮೀಸಲಾತಿಯ ಜತೆ ಸೇರಿ 1994ರಿಂದ ಸಿಇಟಿ ಮಾಡಿದ ಕೆಲಸ ಸಣ್ಣದಲ್ಲ. ಸೀಟಿಗಿಂತ ಜನ ಹೆಚ್ಚಿರುವಲ್ಲಿ ಬಾಗಿಲ ಪರೀಕ್ಷೆ ಇರಲೇಬೇಕು, ಶಿಫಾರಸಿಗಿಂತ ಅದು ಸಾವಿರ ಪಾಲು ಮೇಲು. ನನ್ನ ತಕರಾರು ಅದನ್ನು ಬಳಸುವ ಜಾಗದ ಬಗ್ಗೆ. ಸೀಟಿನ ಕೊರತೆಯೇ ಇಲ್ಲದ, ಎಲ್ಲರೂ ಕಲಿಯಲೇಬೇಕಾದ ಕಡೆಯೂ ನಾವು ಬಾಗಿಲ ಪರೀಕ್ಷೆಯನ್ನೇ ಇಡುತ್ತೇವೆ. ಈಚೆಗೆ ಇದು ಕೊಂಚ ಸಡಿಲವಾಗಿದೆ: ಸೊರಬದ ಶಾಸಕರಾದ ಮಧು ಬಂಗಾರಪ್ಪ ಶಾಲಾ ಶಿಕ್ಷಣ ಸಚಿವರಾಗಿದ್ದಾಗ, 2024ರಿಂದ ಎಸ್ಎಸ್ಎಲ್‌ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಮಟ್ಟ ಇಳಿಯುತ್ತದೆ ಎಂದು ಟೀಕಿಸಿದವರಿದ್ದಾರೆ. ಎರಡನೆಯ ಸಲಕ್ಕೆ ಕಲಿತವನು ಕಲಿತವನೇ ಎಂದು ಒಪ್ಪಿಕೊಳ್ಳುವ ಕೂಲಿಮಠದ ನ್ಯಾಯ ಅದರಲ್ಲಿ ನನಗೆ ಕಾಣುತ್ತದೆ.

ಕಂಪ್ಯೂಟರ್ ಸೈನ್ಸಿನಷ್ಟು ಈ ನ್ಯಾಯ ಬೇಕಾದ ವಿಷಯ ಹೈಸ್ಕೂಲಿನಲ್ಲಿ ಇನ್ನೊಂದಿಲ್ಲ. ಗಣಿತದಲ್ಲಿ ಒಂಬತ್ತನೆಯ ತರಗತಿಯ ಎಲ್ಲರೂ ಎಂಟು ವರ್ಷ ಗಣಿತ ಓದಿ ಬಂದವರು. ಕಂಪ್ಯೂಟರಿನಲ್ಲಿ ಹಾಗಿಲ್ಲ. ಶಿರಾಳಕೊಪ್ಪದ ಅಂಗಡಿಯವರ ಮಗಳು ಮನೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಬರೆಯುತ್ತಿರಬಹುದು. ಚಂದ್ರಗುತ್ತಿಯ ಕಡೆಯಿಂದ ಬಸ್ಸಿನಲ್ಲಿ ಬರುವ ಅವಳ ಓರಗೆಯವನು ಕೀಬೋರ್ಡನ್ನು ಮುಟ್ಟಿಯೇ ಇಲ್ಲದಿರಬಹುದು. ಇಬ್ಬರಿಗೂ ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಒಬ್ಬಳಿಗೆ ಬೇಸರ, ಇನ್ನೊಬ್ಬನಿಗೆ ಅವಮಾನ. ಆದರೆ ಕಂಪ್ಯೂಟರೇ ಕಾಣದವನಿಗೆ ಕಂಪ್ಯೂಟರ್ ಪರೀಕ್ಷೆ ಇಡುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಪ್ರಶ್ನೆಗಳು ಮೆನು, ಬಟನ್, ಕಂಪನಿಗಳ ಹೆಸರಿನ ಬಗ್ಗೆ ಇದ್ದರೆ ಖಂಡಿತ ಅನ್ಯಾಯ. ಲಿಥುವೇನಿಯಾದಲ್ಲಿ 2004ರಲ್ಲಿ ಶುರುವಾಗಿ ಹತ್ತಾರು ದೇಶಗಳಿಗೆ ಹರಡಿದ ಬೆಬ್ರಾಸ್ ಸ್ಪರ್ಧೆಯಲ್ಲಿ ಪ್ರೋಗ್ರಾಮಿಂಗ್ ಕಲಿತಿರಲೇಬೇಕಾದ ಒಂದು ಪ್ರಶ್ನೆಯೂ ಇರುವುದಿಲ್ಲ. ಸಾಲಿನಲ್ಲಿ ನಿಂತವರನ್ನು ಅತಿ ಕಡಿಮೆ ಅದಲುಬದಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸುವುದು, ಸೂಚನೆಗಳನ್ನು ಓದಿ ದಾರಿ ಎಲ್ಲಿ ಮುಗಿಯುತ್ತದೆಂದು ಹೇಳುವುದು, ಇಂಥವು. ಅಂಥ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನಿಲ್ಲ, ತಯಾರಿಗೆ ಕಾಗದ, ಪೆನ್ಸಿಲು ಸಾಕು.

ಕಷ್ಟ ಇರುವುದು ಪರೀಕ್ಷೆ ಮುಗಿದ ಮೇಲೆ. ನೀನು ಮೊದಲ ಸಾಲು ಎಂದು ಒಬ್ಬನಿಗೆ ಹೇಳಬೇಕಾದರೆ ಆ ಸಾಲಿಗೆ ಮೇಷ್ಟ್ರು ಇರಬೇಕು. ಎಸ್. ಎಂ. ಕೃಷ್ಣ ಅವರ ಸರ್ಕಾರ 2001ರ ಸುಮಾರಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕಳಿಸಿದಾಗ ಕಲಿಸುವ ಕೆಲಸವನ್ನು ಗುತ್ತಿಗೆ ಹಿಡಿದ ಕಂಪನಿಗಳಿಗೆ ಬಿಟ್ಟಿತ್ತು. ಗುತ್ತಿಗೆಗೆ ಅವಧಿ ಇರುತ್ತದೆ. ಅವಧಿ ಮುಗಿದಾಗ ಬೋಧಕರು ಹೋಗುತ್ತಾರೆ, ಯಂತ್ರ ಉಳಿಯುತ್ತದೆ. ತಾಳಗುಂದದ 1158ರ ಏರ್ಪಾಡಿನಲ್ಲಿ ಕನ್ನಡ ಕಲಿಸುವವನಿಗೆ ಬಿಟ್ಟದ್ದು ದತ್ತಿಯ ಪಾಲು, ಗುತ್ತಿಗೆಯ ಕೂಲಿಯಲ್ಲ. ಸಾಲು ಎಷ್ಟಾದರೂ ಮಾಡಬಹುದು, ಪ್ರಶ್ನೆಪತ್ರಿಕೆಯನ್ನು ಬೆಂಗಳೂರಿನಿಂದಲೂ ಕಳಿಸಬಹುದು. ಸೊರಬದ ಒಂದು ಹೈಸ್ಕೂಲಿನಲ್ಲಿ ಮೊದಲ ಸಾಲಿನ ಹನ್ನೆರಡು ಮಕ್ಕಳ ಮುಂದೆ ವರ್ಷವಿಡೀ ನಿಲ್ಲುವವರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು.